ನದಿ ದಂಡೆಯ ಹುತ್ತ

ನಮಗೆ ಬೇಕಾಗಿದ್ದದ್ದು ಕಾರು, ಸಿಕ್ಕಿದ್ದು ಆಫ್ರಿಕಾ. ದೋಹಾದ ಬಿನ್ ಮಹಮೂದ್ ಬಡಾವಣೆಯ ನಮ್ಮ ಮನೆಯ ಹತ್ತಿರದ ಸೂಪರ್ ಮಾರ್ಕೆಟ್ಟಿನಲ್ಲಿ ಸಾಮಾನು ಕೊಂಡಾಗಲೆಲ್ಲ ಕೊಡುತ್ತಿದ್ದ ಲಕ್ಕಿ ಡ್ರಾ ಕೂಪನ್ನುಗಳನ್ನು ನಾನು ಒಂದೂ ಬಿಡದೆ ತುಂಬಿ ಡಬ್ಬಿಗೆ ಹಾಕುತ್ತಿದ್ದೆ. ಮೊದಲನೆಯ ಬಹುಮಾನದ ಬಿಳಿ ಕಾರು ಅಂಗಡಿಯ ಬಾಗಿಲಲ್ಲೇ ರಿಬ್ಬನ್ ಕಟ್ಟಿಕೊಂಡು ನಿಂತಿತ್ತು. ಅದರ ಸೀಟಿಗೆ ಹೊಂದುವ ಕುಶನ್ನನ್ನೂ ನಾನು ಮನಸ್ಸಿನಲ್ಲೇ ಆರಿಸಿ ಇಟ್ಟಿದ್ದೆ. ಬಂದದ್ದು ಎರಡನೆಯ ಬಹುಮಾನ: ಜಾಂಬಿಯಾ ದೇಶದಲ್ಲಿ, ಜಾಂಬೆಜಿ ನದಿಯ ದಂಡೆಯ ಐಷಾರಾಮಿ ಸಫಾರಿ ಲಾಡ್ಜಿನಲ್ಲಿ ಇಬ್ಬರಿಗೆ ನಾಲ್ಕು ದಿನದ ವಾಸ, ವಿಮಾನದ ಟಿಕೆಟ್ ಸಮೇತ. ಪಕ್ಕದ ಫ್ಲಾಟಿನ ರೋಸ್‌ಮೇರಿ ನಕ್ಕು ನಕ್ಕು ಸುಸ್ತಾದಳು. ಮಗಳು ಮೋಕ್ಷಾಳನ್ನು ತಾನು ನೋಡಿಕೊಳ್ಳುತ್ತೇನೆ, ಸಿಂಹಕ್ಕೆ ತನ್ನ ನಮಸ್ಕಾರ ಹೇಳಿ ಎಂದಳು.

ಏಶಿಯನ್ ಗೇಮ್ಸ್ ಬರಲಿದ್ದ ವರ್ಷ ಅದು. ದೋಹಾದ ಆಕಾಶದ ತುಂಬ ಕ್ರೇನುಗಳು. ಅವುಗಳಲ್ಲೊಂದರ ಕ್ಯಾಬಿನ್ನಿನಲ್ಲಿ, ಇಪ್ಪತ್ತೆಂಟನೆಯ ಮಹಡಿಯ ಎತ್ತರದಲ್ಲಿ ನನ್ನ ಗಂಡ ಯಜ್ಞೇಶ್ ಕೂತಿರುತ್ತಿದ್ದರು. ಹನ್ನೊಂದು ವರ್ಷದಲ್ಲಿ ಇವರ ಕೊಕ್ಕೆ ಒಬ್ಬರ ಹೆಲ್ಮೆಟ್ಟಿಗೂ ತಾಗಿದ್ದಿಲ್ಲ. ನಿಯಮವೆಂದರೆ ನಿಯಮ ಎನ್ನುವ ಜನ. ಮನೆಯಲ್ಲಿ ಸ್ಟೂಲಿನ ಮೇಲೆ ಹತ್ತಿ ಬಲ್ಬು ಹಾಕುವಾಗಲೂ ನಾನು ಸ್ಟೂಲು ಹಿಡಿದುಕೊಂಡೇ ನಿಲ್ಲಬೇಕು.

ಪ್ರತಿ ಆಗಸ್ಟ್‌ನಲ್ಲಿ ಇವರಿಗೆ ಕಣ್ಣಿನ ಪರೀಕ್ಷೆ. ಅದೇ ಕ್ಲಿನಿಕ್, ಅದೇ ಗೋಡೆ, ಅದೇ ಅಕ್ಷರಗಳ ಪಟ್ಟಿ. ನೋಡಿ ನೋಡಿ ಅದು ಬಾಯಿಪಾಠವಾಗಿ, ಮೋಕ್ಷಾ ಸಣ್ಣವಳಿದ್ದಾಗ ಇವರು ಅವಳಿಗೆ ಅನ್ನ ಉಣ್ಣಿಸುತ್ತ ಆರನೆಯ ಸಾಲನ್ನು ಹಾಡಿನ ಹಾಗೆ ಹೇಳುತ್ತಿದ್ದರು: "ಇ, ಡಿ, ಎಫ್, ಸಿ, ಝಡ್, ಪಿ." ಆ ಆರನೆಯ ಸಾಲನ್ನು ಎರಡು ಕಣ್ಣಿನಿಂದಲೂ ಬೇರೆ ಬೇರೆಯಾಗಿ ಓದಿದರೆ ಕ್ರೇನ್ ನಡೆಸುವ ಕಾರ್ಡ್ ರಿನ್ಯೂ ಆಗುತ್ತದೆ. ಕಾರ್ಡಿನ ಮೇಲೆ ಸೀನಿಯರ್ ಆಪರೇಟರ್ ಎಂದು ಇರುವ ತನಕ ನಮಗೆ ಫ್ಯಾಮಿಲಿ ವೀಸಾ. ಅದು ಹೋದರೆ ಇವರು ಕಂಪನಿಯ ಕ್ಯಾಂಪಿಗೆ, ನಾನೂ ಮೋಕ್ಷಾಳೂ ಊರಿಗೆ. ಆ ವರ್ಷದ ಪರೀಕ್ಷೆ ಆಗಸ್ಟ್ ಹದಿಮೂರಕ್ಕಿತ್ತು.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರಯಾಣದ ತಾರೀಕು ಗುರುತು ಮಾಡುವಾಗ ನನಗೆ ಕಂಡಿತು, ಲಾಡ್ಜಿನ ಎರಡನೆಯ ದಿನವೇ ನಾಗರ ಪಂಚಮಿ. ಮೋಕ್ಷಾಳಿಗೆ ನಾಲ್ಕು ವರ್ಷವಿದ್ದಾಗ ಮೈತುಂಬ ಗುಳ್ಳೆ ಎದ್ದು ಹದಿನೈದು ದಿನ ಇಳಿದಿರಲಿಲ್ಲ. ಆಗ ನಾನು ಹರಕೆ ಹೇಳಿಕೊಂಡಿದ್ದೆ, ಇವರ ಕುಟುಂಬದ ನಾಗಬನಕ್ಕೆ ಪಂಚಮಿಯ ದಿನ ಹೋಗಿ ಕೈಯಾರೆ ತನು ಎರೆಯುತ್ತೇನೆ ಎಂದು. ತನು ಎಂದರೆ ನಾಗನ ಕಲ್ಲಿಗೆ ಹಾಲು, ಸೀಯಾಳ ಎರೆಯುವುದು. ಗುಳ್ಳೆ ಇಳಿಯಿತು, ಹರಕೆ ಉಳಿಯಿತು. ಆರು ವರ್ಷ ಪಂಚಮಿಗೆ ರಜೆ ಸಿಗಲಿಲ್ಲ. ಆಮೇಲೆ ಇವರ ಅಣ್ಣಂದಿರು ರಸ್ತೆಗೆಂದು ಬನದ ಮರಗಳನ್ನೇ ಕಡಿಸಿದರು. ಹರಕೆ ತೀರಿಸಲು ಇನ್ನು ಹೋಗುವುದಾದರೂ ಎಲ್ಲಿಗೆ ಎಂದು ನಾನು ಒಳಗೊಳಗೇ ಕೊರಗುತ್ತಿದ್ದೆ. ಪೆಟ್ಟಿಗೆ ತುಂಬುವಾಗ ಒಂದು ಪೊಟ್ಟಣ ಅರಳನ್ನೂ ಒಂದು ಚಿಟಿಕೆ ಅರಸಿನವನ್ನೂ ಸೀರೆಯ ನಡುವೆ ಇಟ್ಟುಕೊಂಡೆ. ಹೊಳೆಯಾದರೂ ಇದೆಯಲ್ಲ, ಹೊಳೆಯ ಬದಿಯಲ್ಲಿ ಏನಾದರೂ ಮಾಡಿದರಾಯಿತು ಎಂದುಕೊಂಡಿದ್ದೆ.

ಪುಟ್ಟ ವಿಮಾನ ನಮ್ಮನ್ನು ಮಣ್ಣಿನ ಪಟ್ಟಿಯ ಮೇಲೆ ಇಳಿಸಿದಾಗ ತೆರೆದ ಜೀಪಿನೊಂದಿಗೆ ನಿಂತಿದ್ದವನು ನಮ್ಮ ಗೈಡ್. ಹೆಸರು ಬೊನವೆಂಚರ್ ಎಂದ. ಇವರು ನನ್ನ ಮುಖ ನೋಡಿದರು. ಮಂಗಳೂರಿನಲ್ಲಾದರೆ ಚರ್ಚಿನ ಬದಿಯ ಗಲ್ಲಿಯಲ್ಲಿ ಸಿಗುವ ಹೆಸರು.

"ರೋಸ್‌ಮೇರಿಯ ಸಂಬಂಧಿ ಇರಬೇಕು" ಎಂದೆ ಮೆಲ್ಲಗೆ. ಇವರು ನಗು ತಡೆಯಲು ಕೆಮ್ಮಿದರು.

ಡೇರೆ ಎಂದು ಅವರು ಕರೆದದ್ದು ನಮ್ಮ ಬಿನ್ ಮಹಮೂದ್‌ನ ಫ್ಲಾಟಿಗಿಂತ ದೊಡ್ಡದಿತ್ತು. ನಯವಾದ ಮರದ ನೆಲ, ಬಿಳಿ ಸೊಳ್ಳೆಪರದೆಯ ಮಂಚ, ನದಿಗೆ ಮುಖ ಮಾಡಿದ ಸ್ನಾನದ ತೊಟ್ಟಿ. ಮುಂದಿನ ಜಗಲಿಯಲ್ಲಿ ಕೂತರೆ ಕಣ್ಣು ಹಾಯುವಷ್ಟು ಅಗಲಕ್ಕೆ ಜಾಂಬೆಜಿ, ಅದರಲ್ಲಿ ಮೂಗು ಮೇಲೆ ಮಾಡಿ ಬುಸುಗುಡುವ ನೀರಾನೆಗಳು. ನನ್ನ ಕೈಯಿಂದ ಚೀಲ ಕಿತ್ತುಕೊಂಡು ಬಿಸಿ ಟವೆಲ್ ಕೊಡುವ ಜನ. ನನಗೆ ಆ ಉಪಚಾರ ಮೈಗೆ ಹಿಡಿಯಲಿಲ್ಲ. ಟವೆಲ್ಲನ್ನು ನಾನೇ ಮಡಚಿ ಕೊಟ್ಟೆ.

ಬೊನವೆಂಚರ್ ನಿಯಮ ಹೇಳಿದ. ಬೇಲಿ ಇಲ್ಲ, ಒಬ್ಬರೇ ನಡೆಯುವ ಹಾಗಿಲ್ಲ. ಡೇರೆಯ ಜಿಪ್ಪು ಸದಾ ಹಾಕಿರಬೇಕು. ಊಟತಿಂಡಿಯ ಒಂದು ಚೂರೂ ಡೇರೆಯ ಹೊರಗೆ ಬೀಳಬಾರದು.

"ತಿಂಡಿಗೆ ಇಲಿ ಬರುತ್ತದೆ ಮೇಡಂ" ಎಂದ ಇಂಗ್ಲಿಷಿನಲ್ಲಿ. "ಇಲಿಯ ಹಿಂದೆ ಯಾರು ಬರುತ್ತಾರೆ ಎಂಬುದು ನಮಗೆ ಗೊತ್ತಾಗುವುದಿಲ್ಲ."

ಇವರು ಸೈಟಿನ ಮೀಟಿಂಗಿನಲ್ಲಿ ಕೂತವರ ಹಾಗೆ ತಲೆಯಾಡಿಸುತ್ತ ಕೇಳಿದರು. ನಾನೂ ಕೇಳಿದೆ. ಕೇಳಲಿಲ್ಲ ಎಂದು ಈಗ ಹೇಳಿದರೆ ಅದು ಸುಳ್ಳು.

ಸಂಜೆ ಡೇರೆಯ ಹಿಂಬದಿಯ ಕಿಟಕಿಯ ಪರದೆ ಸರಿಸಿದಾಗ ನನ್ನ ಕೈ ಅಲ್ಲೇ ನಿಂತಿತು. ಎಂಟು ಹತ್ತು ಹೆಜ್ಜೆಯ ಆಚೆ, ಮುಳ್ಳಿನ ಮರದ ಬುಡದಲ್ಲಿ, ಆಳಿಗಿಂತ ಎತ್ತರದ ಕೆಂಪು ಹುತ್ತ. ಊರಲ್ಲಿ ಮರ ಕಡಿದರು, ಇಲ್ಲಿ ಈ ಕಾಡಿನಲ್ಲಿ ಪಂಚಮಿಯ ಮುನ್ನಾದಿನ ನನ್ನ ಕಿಟಕಿಯ ಎದುರು ಹುತ್ತ. ಹರಕೆಯನ್ನು ಇಲ್ಲಿಯೇ ತೀರಿಸು ಎಂದು ನಾಗನೇ ಜಾಗ ತೋರಿಸಿದ್ದಾನೆ ಎಂದುಕೊಂಡೆ. ಇವರಿಗೆ ಹೇಳಿದರೆ ನಿಯಮದ ಪುಸ್ತಕ ತೆಗೆಯುತ್ತಾರೆ ಎಂದು ಹೇಳಲಿಲ್ಲ.

ಪಂಚಮಿಯ ಬೆಳಿಗ್ಗೆ ಚಳಿಯಿತ್ತು. ಚಹಾದ ತಟ್ಟೆಯಲ್ಲಿ ಒಂದು ಪುಟ್ಟ ಹೂಜಿ ಹಾಲು ತಂದಿಟ್ಟು ಹೋದರು. ಇವರು ಜಗಲಿಯ ಆ ತುದಿಯಲ್ಲಿ ಮೀನುಹದ್ದನ್ನು ನೋಡುತ್ತ ನಿಂತಿದ್ದಾಗ ನಾನು ಹಿಂದಿನ ಜಿಪ್ಪು ತೆಗೆದು ಬರಿಗಾಲಲ್ಲಿ ಹುತ್ತದ ಬಳಿಗೆ ಹೋದೆ. ಅರಸಿನ ಹಚ್ಚಿದೆ, ಹಾಲೆರೆದೆ, ಅರಳನ್ನು ಬುಡದ ಸುತ್ತ ಚೆಲ್ಲಿ ಅಡ್ಡಬಿದ್ದೆ. ಹೊರಗೆ ತಿಂಡಿ ಇಡಬಾರದು ಎಂದದ್ದು ನನಗೆ ನೆನಪಿರಲಿಲ್ಲವೆಂದಲ್ಲ. ಇದು ತಿಂಡಿ ಎಂದು ನನಗೆ ಹೊಳೆಯಲೇ ಇಲ್ಲ. ದೇವರ ಮುಂದೆ ಇಟ್ಟದ್ದನ್ನು ಯಾರಾದರೂ ಬಿಸಾಡಿದ ಬಿಸ್ಕತ್ತಿನ ಲೆಕ್ಕಕ್ಕೆ ಸೇರಿಸುತ್ತಾರೆಯೇ? ಆ ದಿನವೆಲ್ಲ ನಾನು ಹಗುರಾಗಿದ್ದೆ. ದೋಣಿಯಲ್ಲಿ ಆನೆಗಳನ್ನು ನೋಡಿ ಮಗುವಿನ ಹಾಗೆ ನಕ್ಕೆ. ಆರು ವರ್ಷದ ಮೇಲೆ ಒಂದು ಹೊರೆ ಇಳಿದಿತ್ತು.

ಮಾರನೆಯ ದಿನ ಬೆಳಗಿನ ಸುತ್ತು ಮುಗಿಸಿ ಬಂದಾಗ ಹತ್ತೂವರೆ. ಬಿಸಿಲೇರಿ ಚಳಿ ಬಿಟ್ಟಿತ್ತು. ಜಗಲಿಯ ಮೇಜಿನ ಮೇಲೆ ಕಾಫಿ ತಂದಿಟ್ಟಿದ್ದರು. ಇವರು ಒಳಗೆ ಬೂಟು ಬಿಚ್ಚುತ್ತಿದ್ದರು. ಬೊನವೆಂಚರ್ ಜೀಪನ್ನು ಒರೆಸುತ್ತಿದ್ದ. ಹುತ್ತವನ್ನೊಮ್ಮೆ ನೋಡಿ ಬರೋಣವೆಂದು ನಾನು ಡೇರೆಯನ್ನು ಬಳಸಿ ಹಿಂದಕ್ಕೆ ಹೋದೆ.

ಅರಳು ಒಂದೂ ಉಳಿದಿರಲಿಲ್ಲ. ಬುಡದಲ್ಲಿ ಸಣ್ಣ ಸಣ್ಣ ಕಾಲಿನ ಗುರುತುಗಳು. ಅದನ್ನು ನೋಡಲು ಬಗ್ಗಿದಾಗ ಹುತ್ತದ ಬದಿಯ ನೆರಳು ಎದ್ದಿತು. ಕಂದು ಬಣ್ಣ, ಕೊರಳಿನಲ್ಲಿ ಕಪ್ಪು ಪಟ್ಟೆ, ಬಿಚ್ಚಿದ ಹೆಡೆ. ನನಗೂ ಅದಕ್ಕೂ ನಡುವೆ ನಾಲ್ಕು ಹೆಜ್ಜೆಯೂ ಇರಲಿಲ್ಲ.

ನಮ್ಮಲ್ಲಿ ನಾಗನನ್ನು ಕಂಡರೆ ಓಡುವುದಿಲ್ಲ. ಕಾಲಿನ ಚಪ್ಪಲಿ ಕಳಚಿ, ನಿಂತಲ್ಲೇ ನಿಂತು ಕೈಮುಗಿಯುವುದು. ನಾವು ಅಲುಗದಿದ್ದರೆ ಅವನು ತನ್ನ ಪಾಡಿಗೆ ಹೋಗುತ್ತಾನೆ. ಅಜ್ಜಿ ಕಲಿಸಿದ್ದು, ತೋಟದಲ್ಲಿ ಎರಡು ಮೂರು ಸಲ ನಾನು ಹಾಗೆಯೇ ಮಾಡಿದ್ದೂ ಉಂಟು. ನಾನು ಚಪ್ಪಲಿ ಕಳಚಿದೆ. ಕೈಮುಗಿದೆ. ಕಣ್ಣಿನಲ್ಲಿ ನೀರು ಬಂತು, ಹೆದರಿಕೆಯಿಂದಲ್ಲ. ನನ್ನ ತನು ಮುಟ್ಟಿತು ಎಂಬ ಸಂತೋಷ ಅದು.

"ವತ್ಸಲಾ" ಎಂದು ಹಿಂದಿನಿಂದ ಇವರ ದನಿ ಬಂತು. ಸಣ್ಣ ದನಿ, ಕ್ರೇನಿನ ರೇಡಿಯೋದಲ್ಲಿ ಮಾತಾಡುವ ದನಿ. "ಹಿಂದೆ ಬಾ. ಮೆಲ್ಲ ಬಾ."

"ಏನೂ ಮಾಡುವುದಿಲ್ಲ. ನೀವೂ ಕೈಮುಗಿಯಿರಿ" ಎಂದೆ ನಾನು, ತಿರುಗದೆ.

ಇವರು ಎರಡೇ ಹೆಜ್ಜೆಯಲ್ಲಿ ಬಂದು ನನ್ನ ತೋಳು ಹಿಡಿದು ಹಿಂದಕ್ಕೆಳೆದು, ತಾವು ನನಗೂ ಹಾವಿಗೂ ನಡುವೆ ನಿಂತರು. ಆಗ ಅದು ಕಚ್ಚಲಿಲ್ಲ, ಮುಂದೆಯೂ ಬರಲಿಲ್ಲ. ಬಾಯಿ ತೆರೆದದ್ದಷ್ಟೇ ನನಗೆ ಕಂಡದ್ದು. ಇವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕುಕ್ಕರಿಸಿದರು. ನಮ್ಮ ನಾಗ ಹಾಗೆ ಮಾಡುವುದಿಲ್ಲ. ದೂರದಿಂದ ಕಣ್ಣಿಗೆ ವಿಷ ಉಗುಳುವ ನಾಗ ಇದೆ ಎಂದು ನಮ್ಮ ಅಜ್ಜಿಗೆ ಯಾರು ಹೇಳಿದ್ದರು?

ಬೊನವೆಂಚರ್ ಬಂದ ವೇಗ ನೋಡಬೇಕಿತ್ತು. ಇವರ ಕೈಗಳನ್ನು ಕಣ್ಣಿನಿಂದ ಬಿಡಿಸಿ ಹಿಡಿದ. "ಉಜ್ಜಬಾರದು ಸರ್, ಉಜ್ಜಿದರೆ ಕಣ್ಣು ಹೋಯಿತು" ಎನ್ನುತ್ತ ಜಗಲಿಗೆ ಎಳೆದು ಮಲಗಿಸಿದ. ಕೈಗೆ ಮೊದಲು ಸಿಕ್ಕಿದ್ದು ಕಾಫಿಯ ತಟ್ಟೆಯಲ್ಲಿದ್ದ ಹಾಲಿನ ಹೂಜಿ. ಅದನ್ನೇ ಇವರ ಕಣ್ಣಿಗೆ ಸುರಿದ. ಹಿಂದಿನ ದಿನ ನಾನು ಹುತ್ತಕ್ಕೆ ಎರೆದದ್ದು ಅದೇ ಹೂಜಿಯಿಂದ. ಆಮೇಲೆ ಬಾಟಲಿಯ ನೀರು, ಆಮೇಲೆ ಬಕೆಟ್ಟಿನ ನೀರು. ನನ್ನ ಕೈಗೆ ಲೋಟ ಕೊಟ್ಟು, ನಿಲ್ಲಿಸದೆ ಸುರಿಯಿರಿ ಎಂದು ರೇಡಿಯೋಗೆ ಓಡಿದ. ಇವರು ಹಲ್ಲು ಕಚ್ಚಿ ಮಲಗಿದ್ದರು. ಜಗಲಿಯ ಕಂಬವನ್ನು ಹಿಡಿದ ಬೆರಳುಗಳು ಬಿಳಿಚಿದ್ದವು.

"ಏನಾದರೂ ಕಾಣುತ್ತದಾ?" ಎಂದು ನಾನು ಮತ್ತೆ ಮತ್ತೆ ಕೇಳುತ್ತಿದ್ದೆ.

"ನೀರು ಸುರಿ ಮಾರಾಯ್ತಿ" ಎಂದರು.

ವಿಮಾನಕ್ಕೆ ಕಾಯುವಾಗ ಡೇರೆಯ ಹಿಂದಿನಿಂದ ಕೆರೆಯುವ ಸದ್ದು ಬಂತು. ಬೊನವೆಂಚರ್ ಬೂಟುಗಾಲಿನಿಂದ ಹುತ್ತದ ಮೇಲಿನ ಅರಸಿನವನ್ನು ಉಜ್ಜಿ ತೆಗೆಯುತ್ತಿದ್ದ. ಮ್ಯಾನೇಜರ್ ಬರುವ ಮೊದಲೇ ಎಲ್ಲ ಅಳಿಸಿ ನನ್ನ ಬಳಿ ಬಂದು ನಿಂತ.

"ನಿನ್ನೆ ಇಲಿಗಳು ಬಂದಿದ್ದವು ಮೇಡಂ" ಎಂದನಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಲುಸಾಕಾದ ವೈದ್ಯರು ಎರಡು ದಿನ ಇಟ್ಟುಕೊಂಡರು. ಎಡಗಣ್ಣಿಗೆ ಹೆಚ್ಚೇನೂ ಆಗಿಲ್ಲ, ಬಲಗಣ್ಣಿನ ಪಾಪೆಯ ಮೇಲೆ ಸುಟ್ಟ ಗಾಯ, ಆರಬಹುದು, ಎಷ್ಟು ಆರುತ್ತದೆಂದು ಕಾದು ನೋಡಬೇಕು ಎಂದರು. ಎರಡು ಗಂಟೆಗೊಮ್ಮೆ ಹಾಕಲು ಹನಿ ಕೊಟ್ಟರು. ಆಗಸ್ಟ್ ಮೂರಕ್ಕೆ ನಾವು ದೋಹಾಕ್ಕೆ ಮರಳಿದೆವು. ಪರೀಕ್ಷೆಗೆ ಹತ್ತು ದಿನ ಉಳಿದಿತ್ತು.

ಆ ಹತ್ತು ದಿನ ಮನೆಯ ಪರದೆಗಳನ್ನು ತೆರೆಯಲಿಲ್ಲ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಕತ್ತಲೆ, ಎ.ಸಿ.ಯ ಗುಂಯ್‌ಗುಡುವ ಸದ್ದು. ಮೋಕ್ಷಾ ಮೊದಲ ದಿನ ಬಲಗಣ್ಣಿಗೆ ಕಟ್ಟಿದ ಪಟ್ಟಿ ನೋಡಿ, "ಪಪ್ಪಾ, ನೀವು ಪೈರೇಟ್ ಥರ ಕಾಣ್ತೀರಿ" ಎಂದು ನಕ್ಕಳು. ಎರಡನೆಯ ದಿನದಿಂದ ನಗಲಿಲ್ಲ. ಸೈಟಿನ ಫೋರ್‌ಮನ್ ಕಲ್ಮೇಶ, ಬಾಗಲಕೋಟೆಯ ಕಡೆಯವನು, ಇವರನ್ನು ಅಣ್ಣಾರ ಎನ್ನುವವನು, ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದ.

"ಅಕ್ಕಾರ, ಹದಿಮೂರಕ್ಕ ಕಾರ್ಡ್ ರಿನ್ಯೂ ಆಗಬೇಕ್ರಿ" ಎಂದ ಒಂದು ದಿನ. "ಕ್ರೇನ್ ಖಾಲಿ ಬಿಡಂಗಿಲ್ಲ ಅಂತ ಆಫೀಸಿನವ್ರು ಬ್ಯಾರೆ ಆಪರೇಟರ್‌ನ ನೋಡಿ ಇಟ್ಟಾರ. ನಾ ಹೇಳೀನಿ, ಅಣ್ಣಾರ ಬರ್ತಾರ, ತಡೀರಿ ಅಂತ. ಕಾರ್ಡ್ ಇಲ್ಲಂದ್ರ ಖಲಾಸ್ ನೋಡ್ರಿ, ನನ್ನ ಕೈಯಾಗ ಏನೂ ಉಳಿಯಂಗಿಲ್ಲ."

ಇವರು ಮಾತ್ರ ಒಂದೇ ಮಾತು ಹಿಡಿದಿದ್ದರು. "ಬನದ ಮರ ಕಡಿಯುವಾಗ ನಾನು ಬೇಡ ಅನ್ನಲಿಲ್ಲ ಅಲ್ವಾ, ಅದರದ್ದೇ ಇದು" ಎನ್ನುತ್ತಿದ್ದರು ಮಲಗಿದಲ್ಲೇ. "ಊರಿಗೆ ಹೋಗಿ ಪ್ರಾಯಶ್ಚಿತ್ತ ಮಾಡಬೇಕು."

ನಾನು ಹೂಂ ಎನ್ನುತ್ತಿದ್ದೆ. ಹನಿ ಹಾಕುವಾಗ ಅವರ ಕೆಂಪು ಕಣ್ಣು ನನ್ನ ಮುಖದಿಂದ ಒಂದು ಗೇಣು ದೂರದಲ್ಲಿರುತ್ತಿತ್ತು. ಹೇಳು, ಈಗ ಹೇಳು ಎಂದು ದಿನಕ್ಕೆ ಎಂಟು ಸಲ ನನಗೆ ನಾನೇ ಹೇಳಿಕೊಂಡೆ. ಅರಳು ಚೆಲ್ಲಿದವಳು ನಾನು, ಇಲಿ ಕರೆದವಳು ನಾನು, ಹಿಂದೆ ಬಾ ಎಂದಾಗ ಕೈಮುಗಿದು ನಿಂತವಳೂ ನಾನೇ. ಆದರೆ ಬಾಯಿ ಬರಲಿಲ್ಲ. ಮಾತಿನಲ್ಲಿ ಊರಿಗೇ ಜೋರು ಎನಿಸಿಕೊಂಡ ನಾನು ಹತ್ತು ದಿನ ನನ್ನ ಗಂಡನೆದುರು ಹೇಡಿಯಾಗಿದ್ದೆ.

ಹದಿಮೂರರ ಭಾನುವಾರ ಬೆಳಿಗ್ಗೆ ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟರು, ನಾನೂ ಜೊತೆಗೆ ಹೊರಟೆ. ಕ್ಲಿನಿಕ್ಕಿನಲ್ಲಿ ನಮ್ಮ ನಂಬರು ಇಪ್ಪತ್ತೆರಡು, ಒಳಗೆ ಹದಿನೆಂಟು ನಡೆಯುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲಾಗಿ ಕೂತ ಆಪರೇಟರುಗಳು, ಡ್ರೈವರುಗಳು. ಎಲ್ಲರ ಮನೆಯೂ ಆ ಬಾಗಿಲ ಹಿಂದಿನ ಗೋಡೆಯ ಮೇಲೆಯೇ ಇತ್ತು.

ಇಪ್ಪತ್ತನೆಯವನು ಒಳಗೆ ಹೋದಾಗ ನನಗೆ ತಡೆಯಲಾಗಲಿಲ್ಲ.

"ಹುತ್ತಕ್ಕೆ ಹಾಲೆರೆದದ್ದು ನಾನು" ಎಂದೆ. "ಅರಳೂ ಹಾಕಿದ್ದೆ. ಅದಕ್ಕೆ ಇಲಿ ಬಂದದ್ದು, ಇಲಿಗೆ ಅದು ಬಂದದ್ದು. ನಿಮ್ಮ ಬನದ ಮರ ಎಂತದೂ ಅಲ್ಲ. ನಾನು."

ಇವರು ಎದುರಿನ ಗೋಡೆಯನ್ನೇ ನೋಡುತ್ತಿದ್ದರು. ಇಪ್ಪತ್ತೊಂದನೆಯವನನ್ನು ಕರೆದರು.

"ಗೊತ್ತುಂಟು" ಎಂದರು ಆಮೇಲೆ.

"ಎಂತ ಗೊತ್ತುಂಟು?"

"ಪಂಚಮಿ ದಿನವೇ ನೋಡಿದ್ದೆ. ಶೇವ್ ಮಾಡ್ಲಿಕ್ಕೆ ಕಿಟಕಿ ಹತ್ರ ನಿಂತಾಗ ಅರಸಿನ ಕಂಡಿತು, ಅರಳೂ ಕಂಡಿತು. ತೆಗೀಬೇಕಿತ್ತು. ಸೈಟಲ್ಲಿ ಮೇಲಿನಿಂದ ಒಂದು ಸ್ಪ್ಯಾನರ್ ಕಂಡ್ರೂ ಕೆಲಸ ನಿಲ್ಲಿಸುವವ ನಾನು. ಪಂಚಮಿ ಅಲ್ವಾ, ಇರ್ಲಿ ಅಂತ ಕಿಟಕಿಯಿಂದಲೇ ಕೈಮುಗಿದೆ. ಅದನ್ನು ಹೇಳ್ಲಿಕ್ಕೆ ನಾಚಿಕೆ ಆಗಿ ಮರದ ಕತೆ ಹೇಳ್ತಾ ಇದ್ದೆ" ಎಂದರು.

ನನಗೆ ಸಿಟ್ಟು ಬಂತು, ಅಳುವೂ ಬಂತು. ಹತ್ತು ದಿನ ಒಂದೇ ಕತ್ತಲೆಯ ಕೋಣೆಯಲ್ಲಿ ಒಂದೇ ಗುಟ್ಟನ್ನು ಇಬ್ಬರೂ ಪರಸ್ಪರ ಮುಚ್ಚಿಟ್ಟುಕೊಂಡು ಕೂತಿದ್ದೆವು. ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಇಪ್ಪತ್ತೆರಡು ಎಂದು ಕರೆದರು.

ಬಾಗಿಲು ಪೂರ್ತಿ ಮುಚ್ಚಲಿಲ್ಲ. ಸಂದಿಯಿಂದ ಇವರ ಬೆನ್ನು ಕಾಣುತ್ತಿತ್ತು, ಆಚೆ ಗೋಡೆಯ ಪಟ್ಟಿಯೂ ಕಾಣುತ್ತಿತ್ತು. ಅದೇ ಹಳೆಯ ಪಟ್ಟಿ. ನನಗೆ ಜೀವ ಬಂದಂತಾಯಿತು. ಬಲಗಣ್ಣು ಮಂಜಾಗಿದ್ದರೇನು, ಆರನೆಯ ಸಾಲು ಇವರ ಬಾಯಲ್ಲಿದೆ. ಮೋಕ್ಷಾಳ ಬಾಯಲ್ಲಿದೆ. ನನ್ನ ಬಾಯಲ್ಲೂ ಇದೆ.

ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ಸರಾಗವಾಗಿ ಓದಿದರು. ವೈದ್ಯರು ಈಗ ಎಡಗಣ್ಣು ಮುಚ್ಚಿ ಎಂದರು. ಮೊದಲ ಸಾಲು, ಎರಡನೆಯ ಸಾಲು, ಮೂರನೆಯದು. ನಾಲ್ಕನೆಯದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. "ಎಲ್. ಪಿ. ಇ. ಡಿ." ಐದನೆಯದಕ್ಕೆ ನಿಂತರು.

ನನಗೆ ಗೊತ್ತಿಲ್ಲದೆಯೇ ನನ್ನ ತುಟಿ ಅಲುಗುತ್ತಿತ್ತು. ಪಿ, ಇ, ಸಿ, ಎಫ್, ಡಿ. ಅದಾದ ಮೇಲೆ ಹಾಡು ಹೇಳಿ ಸಾಕು. ಹೇಳಿ ಮಾರ್ರೆ. ಒಂದು ಸಲ ಹೇಳಿ, ಮನೆ ಉಳಿಯುತ್ತದೆ. ಯಾರಿಗೆ ಗೊತ್ತಾಗುತ್ತದೆ?

"ಮುಂದೆ" ಎಂದರು ವೈದ್ಯರು.

ಇವರ ಬೆನ್ನು ಒಂದು ಸಲ ಉಸಿರೆಳೆದುಕೊಂಡಿತು.

"ಇಲ್ಲ ಡಾಕ್ಟರ್" ಎಂದರು. "ಇದರಿಂದ ಕೆಳಗೆ ನನಗೆ ಕಾಣುವುದಿಲ್ಲ."

ವೈದ್ಯರು ಪಟ್ಟಿಯನ್ನು ಇನ್ನೊಮ್ಮೆ ತೋರಿಸಿದರು, ಬೆಳಕು ಸರಿಮಾಡಿದರು. ಇವರು ಅದೇ ಮಾತು ಹೇಳಿದರು. ಕಾಗದದ ಮೇಲೆ ಬರೆಯುವ ಸದ್ದು, ಆಮೇಲೆ ಸೀಲು ಹೊಡೆದ ಸದ್ದು ನನಗೆ ಹೊರಗೆ ಕೇಳಿಸಿತು. ಕ್ರೇನಿಗೆ ಅನರ್ಹ, ನೆಲದ ಮೇಲಿನ ಕೆಲಸ ಮಾಡಬಹುದು ಎಂದಿತ್ತು ಅದರಲ್ಲಿ.

ಮೆಟ್ಟಿಲಲ್ಲೇ ನಿಂತು ಕಲ್ಮೇಶನಿಗೆ ಫೋನ್ ಮಾಡಿದರು. ಅವನ ದನಿ ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು. ಅವನು, "ಕೆಳಗ ನಿಂತು ಸಿಗ್ನಲ್ ಕೊಡೋ ಕೆಲಸ ಐತ್ರಿ ಅಣ್ಣಾರ, ಅದನ್ನ ನಿಮಗ ಇಡಸ್ತೀನಿ" ಎಂದ. "ಫ್ಯಾಮಿಲಿ ವೀಸಾ ಮಾತ್ರ ಅದಕ್ಕ ಇಲ್ರಿ."

"ಗೊತ್ತುಂಟು" ಎಂದರು ಇವರು.

ಟ್ಯಾಕ್ಸಿಗಾಗಿ ಗೋಡೆಯ ಒಂದು ಮೊಳ ನೆರಳಿಗೆ ಒತ್ತಿ ನಿಂತೆವು. ಆ ಬಿಳಿ ಕಾರು ಬಂದಿದ್ದರೆ ಎಂದು ನನ್ನ ಹಾಳು ಮನಸ್ಸು ಆಗಲೂ ನೆನೆಯಿತು. ಮೋಕ್ಷಾಳ ಶಾಲೆ ಸೆಪ್ಟೆಂಬರಿನಲ್ಲಿ ಶುರುವಾಗುವುದಿತ್ತು. ಹೊಸ ಯೂನಿಫಾರ್ಮ್ ಹೊಲಿಸಿಯಾಗಿತ್ತು.

"ಆರನೇ ಸಾಲು ನಿಮಗೆ ನಿದ್ದೆಯಲ್ಲೂ ಬರ್ತದೆ" ಎಂದೆ. "ಐದನೇದೂ ಬರ್ತದೆ."

"ಬರ್ತದೆ" ಎಂದರು. "ಕೆಳಗೆ ಜನ ನಿಂತಿರ್ತಾರೆ ವತ್ಸಲಾ. ಒಂದು ಸಲ ನೋಡಿಯೂ ಸುಮ್ಮನಿದ್ದೆ. ಅದರದ್ದೇ ಈ ಕಣ್ಣು."

ಬೈಯಬೇಕೆಂದು ತೆರೆದ ಬಾಯಿಯನ್ನು ಮುಚ್ಚಿಕೊಂಡೆ. ಬಿಟ್ಟು ಹೋಗಬೇಕಾದ ಈ ಮನುಷ್ಯನ ಮೇಲೆ ಮದುವೆಯಾದಂದಿನಿಂದ ಇಷ್ಟು ಪ್ರೀತಿ ನನಗೆ ಯಾವತ್ತೂ ಉಕ್ಕಿರಲಿಲ್ಲ. ಗಡಿಯಾರ ನೋಡಿದೆ, ಹನ್ನೊಂದಾಗಿತ್ತು. ಚೀಲದಿಂದ ಹನಿಯ ಬಾಟಲಿ ತೆಗೆದೆ. ಇವರು ಗೋಡೆಗೊರಗಿ ತಲೆ ಹಿಂದಕ್ಕೆ ಮಾಡಿದರು. ನಾನು ಎಡಗೈಯಿಂದ ರೆಪ್ಪೆ ಬಿಡಿಸಿ ಹಿಡಿದು ಬಲಗಣ್ಣಿಗೆ ಎರಡು ಹನಿ ಬಿಟ್ಟೆ.